ಶಾಕವ್ರತದಲ್ಲಿ ಸಮುದ್ರಪಾಚಿ

ನನ್ನ ಸಮುದ್ರಪಾಚಿ ಒಲೆಯ ಮೇಲೆ ಬೇಳೆಯೊಂದಿಗೆ ಕುದಿಯುತ್ತಿತ್ತು. ಮರುದಿನ ಪುಣೆಯ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪರೀಕ್ಷೆಗೆ ತೋರಿಸಲೆಂದು ರತ್ನಾಗಿರಿಯಿಂದ ತಂದು, ಕಾಗದದ ಮೇಲೆ ಒಣಗಿಸಿಟ್ಟಿದ್ದೆ. ಧಾರವಾಡದಿಂದ ಬಂದಿದ್ದ ಸೋದರತ್ತೆಗೆ ಚಾತುರ್ಮಾಸದ ಮೊದಲ ತಿಂಗಳ ಶಾಕವ್ರತ. ಆ ತಿಂಗಳು ಕಾಯಿಪಲ್ಲೆ ಮುಟ್ಟುವಂತಿಲ್ಲ.

“ಇದಕ್ಕ ಬೇರಿಲ್ಲ, ಎಲಿ ಇಲ್ಲ, ಹೂವು ಕಾಯಿ ಯಾವುದೂ ಇಲ್ಲ ಅಂತ ನಿನ್ನೆ ನೀನೇ ಓದಲಿಕ್ಕತ್ತಿದ್ದಿ,” ಎಂದಳು ಅತ್ತೆ, ಸೌಟು ತಿರುಗಿಸುತ್ತ. “ಅಂದಮ್ಯಾಲ ಇದು ಶಾಕ ಹೆಂಗಾಗ್ತದ?”

ಪುಸ್ತಕವೂ ಅವಳ ಪರವಾಗಿಯೇ ಇತ್ತು. ನಾನು ಪಾಚಿಯ ಹೆಸರು ಬರೆದಿದ್ದ ಕಾಗದಗಳನ್ನು ಮಾತ್ರ ಒಪ್ಪವಾಗಿ ಜೋಡಿಸಿಟ್ಟಿದ್ದಳು.

ಮರುದಿನ ಹೆಸರು ಮಾತ್ರ ಉಳಿದಿದ್ದ ಆ ಕಾಗದಗಳನ್ನೇ ಪರೀಕ್ಷಕ ಸಾಹೇಬರ ಮುಂದಿಟ್ಟೆ. ಅವರು ಸಮುದ್ರಪಾಚಿಯ ಉಪಯೋಗಗಳನ್ನು ಕೇಳಿದಾಗ, ಯಾವ ಪುಸ್ತಕದಲ್ಲೂ ಇಲ್ಲದ ಒಂದನ್ನು ಹೇಳಿದೆ: ಬೇಳೆಗೆ ಬೇರೆ ಉಪ್ಪು ಹಾಕಬೇಕಾಗಿಲ್ಲ.