ಗವಾಕ್ಷಿ ತೆರೆದಿದೆಯೇ?

ಘನವಸ್ತುವೊಂದು ದ್ರವವಾಗದೆ ನೇರವಾಗಿ ಆವಿಯಾಗುವ ಉತ್ಪತನ ಕ್ರಿಯೆಯನ್ನು ನಮ್ಮಲ್ಲಿ ಅನೇಕರು ಬೋಧಿಸಿದ್ದಾರೆ. ಅದಕ್ಕೆ ಹೆದರಿ, ಆ ಹೆದರಿಕೆಯಿಂದಲೇ ಅದನ್ನು ಆಳವಾಗಿ ಅರಿತವರು ನಮ್ಮ ಪೂಜ್ಯ ಗುರುಗಳು. ಕೊರೆಯುವ ಚಳಿಯಲ್ಲಿ ಮಂಜುಗಡ್ಡೆ ಒಂದು ಹನಿಯೂ ಒಸರದೆ ಹೇಗೆ ಸವೆಯುತ್ತದೆಂಬುದನ್ನು ಮೂವತ್ತಾರು ವರ್ಷ ತೂಗಿ ತೂಗಿ ಅವರು ಸಿದ್ಧಪಡಿಸಿದ ಕೋಷ್ಟಕಗಳನ್ನು ಬಳಸದ ಪ್ರಯೋಗಾಲಯ ಈ ಕ್ಷೇತ್ರದಲ್ಲಿ ವಿರಳ. ಅವರ ನಿವೃತ್ತಿಯ ಈ ಸಂಪುಟಕ್ಕೆ, ಗುರುಗಳ ಪ್ರಾಣ ಉಳಿಸಿದ ಶಿಷ್ಯೆಯೆಂದು ನನ್ನನ್ನು ಹೊಗಳಿ, ಆ ಪ್ರಸಂಗವನ್ನೇ ಬರೆಯುವಂತೆ ಸಂಪಾದಕರು ಕೇಳಿದ್ದಾರೆ. ಬರೆಯುತ್ತೇನೆ. ನಡೆದದ್ದನ್ನೇ ಬರೆಯುತ್ತೇನೆ.

ವಿದ್ಯಾರ್ಥಿಗಳಾಗಿ ನಾವು ಅವರಿಗೆ ಇಟ್ಟಿದ್ದ ಹೆಸರು 'ಅಂಜುಬುರುಕ ಸರ್'. ಅಯೋಡಿನ್ ಹರಳುಗಳನ್ನು ಬಿಸಿ ಮಾಡಿ ನೇರಳೆ ಹೊಗೆ ಎಬ್ಬಿಸಿದಾಗ ನಾವು ಚಪ್ಪಾಳೆ ತಟ್ಟಿದರೆ, ಅವರು ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದರು. ತಟ್ಟೆ ಖಾಲಿಯಾದೊಡನೆ "ಹೋಯ್ತು ಅಂತೀರಲ್ಲ, ಎಲ್ಲಿಗೆ ಹೋಯ್ತು?" ಎಂದು ಕೇಳಿ, ಮೇಲಿನ ತಣ್ಣನೆಯ ಮುಚ್ಚಳದಲ್ಲಿ ಮತ್ತೆ ಕೂತಿದ್ದ ಹರಳುಗಳನ್ನು ತೋರಿಸುತ್ತಿದ್ದರು. "ನಮ್ಮನೇವ್ರು ಫ್ರಿಜ್ ಬಾಗ್ಲು ತೆಗೆಯೋಕೂ ಉಸಿರು ಬಿಗಿಹಿಡೀತಾರೆ" ಎಂದು ಅವರ ಶ್ರೀಮತಿಯವರೇ ನಗುತ್ತಿದ್ದರು. ಅಂಥದೊಂದು ಪ್ರಯೋಗದಲ್ಲಿ ಅಯೋಡಿನ್ ಚೆಲ್ಲಿಕೊಂಡು ನನ್ನ ಏಪ್ರನ್ನಿನ ಜೇಬಿನ ಮೇಲೆ ಅಂಗೈಯಗಲ ಕಲೆಯಾಯಿತು.

ಮಂಜುಗಡ್ಡೆ ತೂಗುವ ಶೀತಲ ಕೋಣೆ ನೆಲಮಾಳಿಗೆಯಲ್ಲಿತ್ತು. ಬಾಗಿಲಿನಿಂದ ನಾಲ್ಕು ಮೆಟ್ಟಿಲು ಇಳಿಯಬೇಕು. ಕಟ್ಟಡದ ಹೊರಗಿನ ಇಳಿಜಾರಿನ ಕಡೆಯ ಗೋಡೆಯಲ್ಲಿ, ನೆಲಕ್ಕೆ ತಾಗಿದಂತೆ, ಸರ್ ಹಟ ಹಿಡಿದು ಒಂದು ಗವಾಕ್ಷಿ ಕೊರೆಸಿದ್ದರು. ಶೀತಲೀಕರಣ ಯಂತ್ರ ಕೆಟ್ಟಾಗ ಕೋಣೆಯಲ್ಲಿ ಚಳಿ ಉಳಿಸಲು ಡ್ರೈ ಐಸ್ ಇಡುತ್ತಿದ್ದೆವು. ಅದು ಹೆಪ್ಪುಗಟ್ಟಿದ ಇಂಗಾಲದ ಡೈಆಕ್ಸೈಡ್. ಒಂದು ಕಿಲೋ ಗಡ್ಡೆ ಕಾಣೆಯಾದರೆ ಐನೂರು ಲೀಟರಿಗೂ ಮೀರಿದ ಅನಿಲ ಕೋಣೆಗೆ ಸೇರುತ್ತದೆ. ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೆಯೇ ಮಲಗಿರುತ್ತದೆ, ಬಣ್ಣವಿಲ್ಲದ್ದರಿಂದ ಕಾಣುವುದಿಲ್ಲ; ಅದು ಹೊರಹರಿಯಲು ಇದ್ದ ದಾರಿ ಆ ಗವಾಕ್ಷಿಯೊಂದೇ. ಬಾಗಿಲ ಬಳಿ ಯಾರಿದ್ದರೂ ಸರ್ ಮೊದಲು "ಗವಾಕ್ಷಿ ತೆರೆದಿದ್ಯಾ?" ಎಂದು ಕೇಳುವರು; ಆಮೇಲೆ ತಾವೇ ಮೊದಲು ಇಳಿಯುವರು. ಈ ಕ್ರಮ ಒಮ್ಮೆಯೂ ತಪ್ಪಿರಲಿಲ್ಲ.

ಹದಿನೆಂಟು ವರ್ಷಗಳ ಹಿಂದೆ ನನ್ನ ಪ್ರಬಂಧ ಮುಗಿಯುವ ಹಂತದಲ್ಲಿತ್ತು. ಗವಾಕ್ಷಿಯಿಂದ ನುಸುಳುವ ಗಾಳಿ ನನ್ನ ಸೂಕ್ಷ್ಮ ತಕ್ಕಡಿಯ ಮುಳ್ಳನ್ನು ನಿಲ್ಲಗೊಡುತ್ತಿರಲಿಲ್ಲ. ಒಂದು ಸಂಜೆ ಏಪ್ರನ್ ಬಿಚ್ಚಿ, ಮುದ್ದೆ ಮಾಡಿ, ಗವಾಕ್ಷಿಯೊಳಗೆ ತುರುಕಿದೆ. ತೂಕ ಮುಗಿಸಿದ ಖುಷಿಯಲ್ಲಿ ತೆಗೆಯುವುದನ್ನು ಮರೆತೆ. ಅದೇ ರಾತ್ರಿ ಯಂತ್ರ ಕೆಟ್ಟು, ಕಾವಲಿನವರು ಅರವತ್ತು ಕಿಲೋ ಡ್ರೈ ಐಸ್ ತಂದಿಟ್ಟು ಬಾಗಿಲು ಮುಚ್ಚಿದರು. ನಡುವೆ ಎರಡು ದಿನ ರಜೆ.

ರಜೆ ಮುಗಿದ ಬೆಳಿಗ್ಗೆ ಬಾಗಿಲ ಬಳಿ ನಾವಿಬ್ಬರೇ. "ಗವಾಕ್ಷಿ ತೆರೆದಿದ್ಯಾ?" ಎಂದರು. ಆ ಕ್ಷಣ ನನಗೆ ಏಪ್ರನ್ ನೆನಪಾಯಿತು. ಬೈಗುಳಕ್ಕೆ ಹೆದರಿ, ನಾನೇ ಓಡಿಹೋಗಿ ಕಿತ್ತುಹಾಕಿದರಾಯಿತೆಂದು, "ಹೂಂ ಸರ್, ತೆರೆದಿದೆ" ಎಂದೆ. ಮುಂದೆ ನುಗ್ಗಹೋದವಳನ್ನು ಅವರು ಕೈಯಡ್ಡ ಹಿಡಿದು ತಡೆದರು.

"ಇರಮ್ಮ, ನಾನ್ ಮೊದ್ಲು."

ಇಳಿದು, ಡ್ರೈ ಐಸಿನ ಖಾಲಿ ಪೆಟ್ಟಿಗೆಯ ಮೇಲೆ ಬಾಗಿದವರು ಹಾಗೆಯೇ ಕುಸಿದರು. ಕೂಗಲಿಲ್ಲ, ಕೆಮ್ಮಲೂ ಇಲ್ಲ. ಉಸಿರು ಬಿಗಿಹಿಡಿದು ಇಳಿದು, ಕಂಕುಳಿಗೆ ಕೈಹಾಕಿ ಅವರನ್ನು ಮೆಟ್ಟಿಲ ಮೇಲೆ ಎಳೆದುತಂದೆ. ಅವರ ತುಟಿ ನೀಲಿಯಾಗಿತ್ತು. ಆ ತುಟಿ ಅಲುಗುವವರೆಗಿನ ಹೊತ್ತು ಇಂದಿಗೂ ನನ್ನನ್ನು ಬಿಟ್ಟಿಲ್ಲ. ಆಸ್ಪತ್ರೆಯಲ್ಲಿ ಶ್ರೀಮತಿಯವರು ನನ್ನ ಎರಡೂ ಕೈ ಹಿಡಿದು, "ನನ್ನ ಮನೆ ಉಳಿಸ್ದೆ ಕಣಮ್ಮ" ಎಂದು ಅತ್ತರು.

ವಿಚಾರಣೆಗೆ ಸರ್ ಒಂದೇ ಸಾಲು ಬರೆದುಕೊಟ್ಟರು: ಗವಾಕ್ಷಿಯನ್ನು ಸ್ವತಃ ನೋಡದೆ ಇಳಿದದ್ದು ತಮ್ಮ ತಪ್ಪು. ಅವರು ಕೆಲಸಕ್ಕೆ ಮರಳಿದ ವಾರ ನನ್ನ ಕಪಾಟಿನಲ್ಲಿ ಅದೇ ಏಪ್ರನ್ ಇತ್ತು, ಒಗೆದು, ಇಸ್ತ್ರಿ ಮಾಡಿ, ಮಡಿಸಿದ್ದು. ಜೇಬಿನ ಮೇಲಿನ ಅಯೋಡಿನ್ ಕಲೆಯನ್ನು ಸರ್ ಹೈಪೋ ದ್ರಾವಣದಿಂದ ಗುರುತೇ ಉಳಿಯದಂತೆ ತೆಗೆದಿದ್ದರು. ಅದನ್ನು ಕಂಡು ನನಗಾದದ್ದು ಸಮಾಧಾನವಲ್ಲ, ಭಯ. ಅವರಿಗೆ ಎಲ್ಲವೂ ಗೊತ್ತಿತ್ತು.

ಮರುದಿನ ಅದೇ ಬಾಗಿಲಲ್ಲಿ, ಅದೇ ಧ್ವನಿಯಲ್ಲಿ, "ಗವಾಕ್ಷಿ ತೆರೆದಿದ್ಯಾ?" ಎಂದರು. "ಹೊರಗಡೆಯಿಂದ ಹೋಗಿ ನೋಡ್ಕೊಂಡ್ ಬಂದು ಹೇಳ್ತೀನಿ ಸರ್" ಎಂದೆ.

"ಹಾಂ, ಹಂಗೆ ಹೇಳು" ಎಂದರು. ಆ ವಿಷಯವಾಗಿ ನಮ್ಮಿಬ್ಬರ ನಡುವೆ ನಡೆದ ಮಾತು ಅಷ್ಟೇ.

ನಾನಾಗಿದ್ದರೆ ನನ್ನನ್ನು ಮತ್ತೆ ಆ ಪ್ರಶ್ನೆ ಕೇಳುತ್ತಿರಲಿಲ್ಲ. ಪ್ರಬಂಧದ ಬಳಿಕವೂ ಅಲ್ಲೇ ಕೆಲಸಕ್ಕೆ ಉಳಿದ ನನ್ನನ್ನು ಅವರು ಹದಿನೆಂಟು ವರ್ಷ ಕೇಳಿದರು, ಪ್ರತಿ ಸಲವೂ ನನ್ನ ಉತ್ತರವನ್ನು ನಂಬಿ ಮೆಟ್ಟಿಲಿಳಿದರು.

ಈ ಸಂಪುಟವನ್ನು ಶ್ರೀಮತಿಯವರು ಕನ್ನಡಕ ಹಾಕಿಕೊಂಡು ಒಂದು ಪುಟವೂ ಬಿಡದೆ ಓದುತ್ತಾರೆಂದು ಬಲ್ಲೆ. ಅಮ್ಮಾ, ಅಂದು ನೀವು ಹಿಡಿದು ಅತ್ತ ಕೈಗಳೇ ಆ ಗವಾಕ್ಷಿಯನ್ನು ಮುಚ್ಚಿದ್ದವು. ಈ ಸಂಪುಟದ ಲೇಖಕರೆಲ್ಲರೂ ಗುರುಗಳಿಗೆ ದೀರ್ಘಾಯುಷ್ಯ ಕೋರಿದ್ದಾರೆ; ಆ ಆಯುಷ್ಯವನ್ನು ಒಂದು ಬೆಳಿಗ್ಗೆ ಅಲ್ಲಿಗೇ ಮುಗಿಸಿಬಿಡುತ್ತಿದ್ದವಳು ನಾನು, ಕೋರುವುದಕ್ಕೂ ಅಂಜುತ್ತಲೇ ಕೋರುತ್ತೇನೆ. ಅಪೂರ್ಣವಾಗಿರುವ ಕೋಷ್ಟಕಕ್ಕಾಗಿ ವಾರಕ್ಕೆರಡು ದಿನ ಪ್ರಯೋಗಾಲಯಕ್ಕೆ ಬರುವುದಾಗಿ ಸರ್ ಹೇಳಿದ್ದಾರೆ. ಬನ್ನಿ ಸರ್. ಗವಾಕ್ಷಿ ತೆರೆದಿದೆ, ಈಗಷ್ಟೇ ನೋಡಿ ಬಂದೆ. ಇನ್ನು ಮೊದಲು ಇಳಿಯುವವಳು ನಾನು.