ಗಾಡಿಯಲ್ಲಿದ್ದವರಿಗಾಗಿ ಕಾದ ತಂಡ

ಮದುವೆಯಾದ ಹೊಸತರಲ್ಲಿ ನನ್ನ ಗಂಡನ ಜೊತೆ ಲೋಕಲ್ ರೈಲುಗಾಡಿ ಹತ್ತಿದರೆ ಸಾಕು, ಯಾರಾದರೊಬ್ಬರು ಇವರನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಬಾಸ್ಕೆಟ್‌ಬಾಲ್ ಖೇಲ್ತೇ ಹೋ ಕ್ಯಾ?" ಎಂದು ಕೇಳಿಯೇ ಕೇಳುತ್ತಿದ್ದರು. ಬಾಗಿಲಲ್ಲಿ ತಲೆ ಬಗ್ಗಿಸಿಕೊಂಡು ನಿಂತ ಇವರು ಆ ನೂಕುನುಗ್ಗಲಿನಲ್ಲೂ ಎದೆ ಉಬ್ಬಿಸಿ, "ಹಾಂ. ಡೊಂಬಿವಲಿ ಟೀಮ್. ಕ್ಯಾಪ್ಟನ್" ಎನ್ನುತ್ತಿದ್ದರು. ಕೇಳಿದವರಿಗೆ ಡೊಂಬಿವಲಿಗೊಂದು ಟೀಮ್ ಇದೆಯೆಂದೇ ಗೊತ್ತಿರುತ್ತಿರಲಿಲ್ಲ. ಧಾರವಾಡದಲ್ಲಿ ನಮ್ಮಪ್ಪನಿಗೂ ಗೊತ್ತಿರಲಿಲ್ಲ. ಸಂಬಂಧ ತಂದವರ ಹತ್ತಿರ ಅಪ್ಪ, "ಆಟ ಆಡೂದಕ್ಕ ಪಗಾರ ಕೊಡ್ತಾರೇನ್ರೀ?" ಎಂದು ಮತ್ತೆ ಮತ್ತೆ ಕೇಳಿ ಖಾತ್ರಿ ಮಾಡಿಕೊಂಡಿದ್ದರು.

ಪಗಾರ ಕೊಡುತ್ತಿದ್ದವರು ಒಬ್ಬ ಹೋಟೆಲ್ ಮಾಲೀಕರು. ಉಡುಪಿ ಕಡೆಯವರು, ಎಲ್ಲರ ಬಾಯಲ್ಲಿ ಧಣಿಗಳು. ಠಾಣೆಯ ನೌಪಾಡಾದಲ್ಲಿ ಅವರದೊಂದು ದೊಡ್ಡ ಹೋಟೆಲು, ಡೊಂಬಿವಲಿ ಸ್ಟೇಷನ್ನಿನ ಹತ್ತಿರ ಇನ್ನೊಂದು. ಶಾಲೆಯಲ್ಲಿ ಬಾಸ್ಕೆಟ್‌ಬಾಲ್ ಆಡಿದ ಹುಚ್ಚು ಅವರಿಗೆ ಐವತ್ತು ದಾಟಿದರೂ ಬಿಟ್ಟಿರಲಿಲ್ಲ. ಸಣ್ಣ ಊರುಗಳಿಗೆಂದೇ ಯಾರೋ ಒಂದು ಖಾಸಗಿ ಲೀಗ್ ಹೊರಡಿಸಿದಾಗ ಹಿಂದೆಮುಂದೆ ನೋಡದೆ ಡೊಂಬಿವಲಿಯ ಹೆಸರು ಕೊಟ್ಟುಬಿಟ್ಟರು.

ಕೋರ್ಟು ಎಂಐಡಿಸಿ ಕಾರ್ಖಾನೆಗಳ ಮಗ್ಗುಲಿನ ಒಂದು ಶಾಲೆಯ ಹಿಂದಿತ್ತು. ಗಾಳಿ ತಿರುಗಿದರೆ ಕೆಮಿಕಲ್ ವಾಸನೆಗೆ ಎರಡೂ ತಂಡಗಳು ಕೆಮ್ಮುತ್ತಿದ್ದವು. ನಮ್ಮವರಿಗೆ ರೂಢಿಯಾಗಿದ್ದರಿಂದ ತುಸು ಕಡಿಮೆ ಕೆಮ್ಮುತ್ತಿದ್ದರು. ಮೊದಲ ವರ್ಷ ನಮಗಿದ್ದ ಅನುಕೂಲ ಅದೊಂದೇ. ಸ್ಕೋರು ಬರೆಯಲು ಹೋಟೆಲಿನ 'ಇಂದಿನ ವಿಶೇಷ' ಹಲಗೆಯನ್ನೇ ಆಟೋದಲ್ಲಿ ತರುತ್ತಿದ್ದರು. ಶಿಫ್ಟ್ ಮುಗಿಸಿದ ಫ್ಯಾಕ್ಟರಿಯವರು ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ಶಾಲೆಯ ಗೋಡೆಯ ಮೇಲೆ ಸಾಲಾಗಿ ಕೂರುತ್ತಿದ್ದರು.

ಧಣಿಗಳದ್ದು ಒಂದೇ ಒಂದು ಕಟ್ಟಳೆ. ಊರಿಗೆ ಬಂದ ಎದುರಾಳಿಗಳು ಗೆಲ್ಲಲಿ ಸೋಲಲಿ, ಆಟ ಮುಗಿದ ಮೇಲೆ ಅವರಿಗೆ ಹೋಟೆಲಿನಲ್ಲಿ ಊಟ. ಮೊದಲ ಪಂಕ್ತಿ ಅವರದು, ಬಡಿಸುವವರು ನಮ್ಮ ಆಟಗಾರರು. ಬೆವರಿನ ಜೆರ್ಸಿಯ ಮೇಲೆ ಟವೆಲ್ ಸುತ್ತಿಕೊಂಡ ಆ ಉದ್ದನೆಯ ಗಂಡಸರು ಸಾಂಬಾರಿನ ಬಕೆಟ್ ಹಿಡಿದು ಬಗ್ಗಿ ಬಗ್ಗಿ ಬಡಿಸುವುದನ್ನು ನೋಡಿ ನಾನು ಮೊದಲ ಸಲ ಬಿದ್ದು ಬಿದ್ದು ನಕ್ಕಿದ್ದೆ. "ಬೀಗರ ಮಂದಿ ಬಂದಾರೇನು?" ಎಂದು ಇವರನ್ನು ಛೇಡಿಸಿದರೆ, "ನಮ್ಮ ಊರಿಗೆ ಬಂದವ್ರಲ್ಲವಾ ಮಾರಾಯ್ತಿ" ಎಂದಿದ್ದರು. ಬಾಸ್ಕೆಟ್‌ಬಾಲ್ ಅಂದರೆ ಏನೆಂದು ನನಗೆ ಕೊನೆಗೂ ಅಷ್ಟಾಗಿ ತಿಳಿಯಲಿಲ್ಲ. ಆ ಪಂಕ್ತಿ ಮಾತ್ರ ಚೆನ್ನಾಗಿ ತಿಳಿಯಿತು.

ನಡುವೆ ಕೆಲವು ಒಳ್ಳೆಯ ವರ್ಷಗಳು ಬಂದವು. ಕಲ್ಯಾಣದಿಂದ, ಠಾಣೆಯಿಂದ ಜನ ನೋಡಲು ಬಂದರು, ಗೋಡೆಯ ಮೇಲೆ ಜಾಗ ಸಾಲದಾಯಿತು. ಆಮೇಲೆ ನಮ್ಮ ಇಬ್ಬರು ಒಳ್ಳೆಯ ಆಟಗಾರರಿಗೆ ಸ್ಪೋರ್ಟ್ಸ್ ಕೋಟಾದಲ್ಲಿ ರೈಲ್ವೆ ನೌಕರಿ ಸಿಕ್ಕಿತು. ಅಂಥ ನೌಕರಿ ಬಿಟ್ಟು ಹೋಟೆಲಿನವರ ಟೀಮಿನಲ್ಲಿ ಯಾರು ಉಳಿದಾರು? ಅವರು ಹೋದರು, ಸೋಲು ಶುರುವಾಯಿತು. ಲೀಗಿನಲ್ಲಿ ಕಟ್ಟಕಡೆಗೆ ಬಿದ್ದ ತಂಡವನ್ನು ಮರುವರ್ಷ ಆಡಿಸುವುದಿಲ್ಲ ಎಂಬ ನಿಯಮವಿತ್ತು. ಧಣಿಗಳೂ ಕಡ್ಡಿ ಮುರಿದಂತೆ ಹೇಳಿದ್ದರು: ಲೀಗಿನಿಂದ ಬಿದ್ದರೆ ಟೀಮ್ ಬಂದ್. ಉಳಿದರೆ ಮುಂದಿನ ವರ್ಷದಿಂದ ನನ್ನ ಗಂಡನೇ ಕೋಚ್. ಇವರ ಮೊಣಕಾಲು ಆಗಲೇ ಮಾತು ಕೇಳುತ್ತಿರಲಿಲ್ಲ, ಆಟ ಬಿಟ್ಟು ಬೇರೆ ವಿದ್ಯೆ ಬರುತ್ತಿರಲಿಲ್ಲ. ಹೀಗೆ ತಂಡದ ಬದುಕೂ ಇವರ ಬದುಕೂ ಆ ವರ್ಷದ ಕೊನೆಯ ಆಟಕ್ಕೆ ಗಂಟುಬಿದ್ದವು. ಗೆದ್ದರೆ ಉಳಿವು, ಸೋತರೆ ಇಲ್ಲ.

ಆಟ ಪನ್ವೇಲ್ ಕಡೆಯ ತಂಡದ ಜೊತೆ, ನಮ್ಮದೇ ಕೋರ್ಟಿನಲ್ಲಿ, ಭಾನುವಾರ ಸಂಜೆ. ವೇಳಾಪಟ್ಟಿ ಮಾಡಿದವರು ಎಲ್ಲೋ ದೂರದ ಊರಿನವರು, ಭಾನುವಾರದ ಮೆಗಾಬ್ಲಾಕ್ ಅಂದರೇನು ಅಂತ ಅವರಿಗೇನು ಗೊತ್ತು? ಹಳಿ ರಿಪೇರಿಗೆಂದು ನಿಲ್ಲಿಸಿದ ಗಾಡಿಗಳು ಆ ದಿನ ಸಂಜೆಯಾದರೂ ಸರಿಯಾಗಲಿಲ್ಲ. ಎದುರಾಳಿ ಹುಡುಗರು ಠಾಣೆಗೆ ಬಂದು ಗಾಡಿ ಬದಲಿಸಿ, ಮುಂಬ್ರಾ ದಾಟಿದ ಮೇಲೆ ನಡುದಾರಿಯಲ್ಲಿ ಸಿಕ್ಕಿಬಿದ್ದರು. ಅವರ ಕೋಚ್ ಫೋನ್ ಮಾಡಿ ಹೇಳಿದರು.

ಆಟದ ಹೊತ್ತು ಮೀರಿ ಅರ್ಧ ಗಂಟೆ ಕಳೆದರೆ, ಬಾರದ ತಂಡ ಸೋತಂತೆ. ಹಾಜರಿದ್ದ ತಂಡದ ಕ್ಯಾಪ್ಟನ್ ತಾನಾಗಿ ಕಾಯುತ್ತೇನೆಂದರೆ ಮಾತ್ರ ಕಾಯಬಹುದು. ಅರ್ಧ ಗಂಟೆ ಕಳೆಯಿತು. ರೆಫರಿ ಗಡಿಯಾರ ನೋಡಿ ಇವರ ಮುಖ ನೋಡಿದರು. ಗೋಡೆಯ ಮೇಲಿದ್ದವರು ಆಗಲೇ ಸಿಳ್ಳೆ ಹೊಡೆಯುತ್ತಿದ್ದರು. ನಾವು ಆಡದೆಯೇ ಗೆದ್ದಿದ್ದೆವು, ಉಳಿದಿದ್ದೆವು. ನಾನು ಮನಸ್ಸಿನಲ್ಲೇ ದೇವರಿಗೆ ಕೈ ಮುಗಿದೆ.

ಇವರು ರೆಫರಿಗೆ, "ಕಾಯ್ತೇವೆ" ಎಂದರು.

ನಾನು ನಾಚಿಕೆ ಬಿಟ್ಟು ಕೋರ್ಟಿನೊಳಗೇ ಹೋದೆ. "ತಲಿ ಕೆಟ್ಟದ ಏನು ನಿಮಗ? ಅವರು ಬಂದಿಲ್ಲ, ನೀವು ಗೆದ್ದೀರಿ. ಇಷ್ಟ ಹೇಳ್ಲಿಕ್ಕೆ ಏನು ಧಾಡಿ?"

"ಅವ್ರು ಗಾಡಿಯಲ್ಲಿದ್ದಾರೆ. ಬರ್ಲಿಲ್ಲ ಅಂತ ಹೇಗೆ ಹೇಳುದು?"

ಇದು ಈ ಊರಿನವರಷ್ಟೇ ಮಾಡಬಲ್ಲ ಮೂರ್ಖತನ. ಡೊಂಬಿವಲಿಯಲ್ಲಿ ಸಿಕ್ಕಿಬಿದ್ದವನನ್ನು ಯಾರೂ ಬಂದಿಲ್ಲ ಅನ್ನುವುದಿಲ್ಲ, ಗಾಡಿಯಲ್ಲಿದ್ದಾನೆ ಅನ್ನುತ್ತಾರೆ. ಗಾಡಿಯಲ್ಲಿರುವ ಸೋದರಮಾವನಿಗಾಗಿ ಹೆಸರಿಡುವ ಮಗುವನ್ನು ತೊಟ್ಟಿಲ ಪಕ್ಕ ಅಳಿಸುತ್ತಾ ಕೂರುತ್ತಾರೆ, ಭಟ್ಟರಿಗಾಗಿ ಸತ್ಯನಾರಾಯಣನನ್ನೇ ಕಾಯಿಸುತ್ತಾರೆ. ತಡವಾದವರಿಗೆ ಆಫೀಸಿನಲ್ಲಿ ಯಾರೂ ತೋರದ ಕರುಣೆಯನ್ನು ಮನೆಗಳಲ್ಲಿ ಹೀಗೆ ತೋರಿಸುತ್ತಾರೆ. ಆದರೆ ಅನ್ನ ಹಾಕುವ ಟೀಮನ್ನು ಪಣಕ್ಕಿಟ್ಟು? ಧಣಿಗಳ ಕಡೆ ತಿರುಗಿದೆ. ಅವರು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತು, "ಕ್ಯಾಪ್ಟನ್ ಹೇಳಿ ಆಯ್ತಲ್ಲ" ಎಂದರು.

ಬೆಳಕು ಇಳಿಯುವ ಹೊತ್ತಿಗೆ ಆ ಹುಡುಗರು ಬಂದರು. ಗಾಡಿಯಿಂದ ಧುಮುಕಿ ಹಳಿಗುಂಟ ದಿವಾ ತನಕ ನಡೆದು, ಅಲ್ಲಿಂದ ಆಟೋ ಹಿಡಿದಿದ್ದರು. ಕೋರ್ಟಿನ ಅಂಚಿಗೆ ಕೂತು ಬೂಟು ಬಿಚ್ಚಿ ಜಲ್ಲಿಕಲ್ಲು ಕೊಡವಿದರು. ನೀರಿನ ಬಾಟಲಿ ಕೊಟ್ಟವರು ಇವರೇ. ಸಾಲದ್ದಕ್ಕೆ ಅವರು ದಣಿವಾರಿಸಿಕೊಳ್ಳಲೆಂದು ಇನ್ನಷ್ಟು ಹೊತ್ತು ಕೇಳಿ ಕೊಡಿಸಿದರು.

ದೀಪದ ಬೆಳಕಿನಲ್ಲಿ ಆಟ ಕೊನೆಯವರೆಗೂ ಸರಿಸಮ ನಡೆಯಿತು. ಕೊನೆಯ ಗಳಿಗೆಯಲ್ಲಿ ನಾವು ಒಂದೇ ಪಾಯಿಂಟ್ ಹಿಂದಿದ್ದೆವು, ಚೆಂಡು ರಿಂಗಿನ ಕೆಳಗೆ ಇವರ ಕೈಗೆ ಬಂತು. ಒಂದು ಕಾಲದಲ್ಲಿ ಇವರು ಕಣ್ಣು ಮುಚ್ಚಿ ಹಾಕುತ್ತಿದ್ದ ಜಾಗ ಅದು. ಮೇಲೆ ನೆಗೆದರು, ಮೊಣಕಾಲು ಅರ್ಧಕ್ಕೇ ಕೈಕೊಟ್ಟಿತು, ಚೆಂಡು ರಿಂಗಿಗೆ ಬಡಿದು ಹೊರಗೆ ಬಿತ್ತು. ಗೋಡೆಯ ಮೇಲಿದ್ದವರು ಸದ್ದಿಲ್ಲದೆ ಇಳಿದು ಹೋದರು. ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು.

ಹೋಟೆಲಿನಲ್ಲಿ ಆ ದಿನವೂ ಮೊದಲ ಪಂಕ್ತಿ ಅವರದೇ. ನಾನು ಕೈತೊಳೆಯುವ ಬೇಸಿನ್ ಪಕ್ಕ ಮುಖ ತಿರುಗಿಸಿ ಕೂತಿದ್ದೆ. ಇವರು ಕುಂಟುತ್ತಾ ಬಕೆಟ್ ಹಿಡಿದು ಬರುವಾಗ ಆ ತಂಡದ ಕೋಚ್, ವಯಸ್ಸಾದವರು, ಊಟ ಬಿಟ್ಟು ಎದ್ದು ನಿಂತರು. ನಿಯಮ ಅವರಿಗೂ ಗೊತ್ತಿತ್ತು. "ಕ್ಯಾಪ್ಟನ್, ತುಮ್ಹಿ ಆಮ್ಚ್ಯಾಸಾಠಿ ಥಾಂಬಲಾತ್" ಎಂದರು, ನೀವು ನಮಗಾಗಿ ಕಾದಿರಿ ಎಂದು. ಇವರು, "ಬಸಾ, ಬಸಾ" ಎಂದು ಅವರನ್ನು ಕೂರಿಸಿ ಇನ್ನೊಂದು ಸೌಟು ಸಾಂಬಾರು ಬಡಿಸಿದರು.

ಟೀಮ್ ಮುಚ್ಚಿತು. ಸ್ಕೋರು ಬರೆಯುತ್ತಿದ್ದ ಹಲಗೆಯ ಮೇಲೆ ಮತ್ತೆ ಗೋಳಿಬಜೆಯ ಹೆಸರು ಬಂತು. ಧಣಿಗಳು ಪನ್ವೇಲ್ ಪಕ್ಕದ ಕಾಮೋಠೆಯಲ್ಲಿ ಹೊಸದಾಗಿ ತೆಗೆದ ಹೋಟೆಲಿನ ಗಲ್ಲೆಯ ಮೇಲೆ ಇವರನ್ನು ಕೂರಿಸಿದರು. ಯಾರನ್ನು ಕಾದು ಎಲ್ಲ ಕಳೆದುಕೊಂಡೆವೋ ಅವರ ಸೀಮೆಯಲ್ಲೇ ನಮಗೆ ಅನ್ನ. ಇದನ್ನು ನಾನು ವರ್ಷಗಟ್ಟಲೆ ಇವರಿಗೆ ಚುಚ್ಚಿ ಚುಚ್ಚಿ ಹೇಳಿದೆ. ಇವರು ಒಂದು ದಿನವೂ ಎದುರಾಡಲಿಲ್ಲ. ನನ್ನ ಜಾಗದಲ್ಲಿ ಯಾರಿದ್ದರೂ ಹೇಳುತ್ತಿದ್ದರು ಅಂತಲೇ ಈಗಲೂ ಅಂದುಕೊಳ್ಳುತ್ತೇನೆ.

ಒಂದು ಮಧ್ಯಾಹ್ನ ಇವರಿಗೆ ಬುತ್ತಿ ತೆಗೆದುಕೊಂಡು ಹೋಗಿದ್ದೆ. ಹೋಟೆಲ್ ಊಟ ಇವರಿಗೆ ಆಗಿಬರುವುದಿಲ್ಲ. ಪಾರ್ಸೆಲ್‌ಗೆ ಕಾಯುತ್ತಿದ್ದ ಒಬ್ಬ ಗಿರಾಕಿ, ಚಿಲ್ಲರೆ ಕೊಡಲು ಎದ್ದು ನಿಂತ ಇವರನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಬಾಸ್ಕೆಟ್‌ಬಾಲ್ ಖೇಲ್ತೇ ಥೇ ಕ್ಯಾ?" ಎಂದು ಕೇಳಿದ.

"ನಹೀ ಭಾಯ್," ಇವರು ನಕ್ಕರು. "ಐಸೇ ಹೀ ಲಂಬಾ ಹೂಂ."

ಸುಮ್ಮನೆ ಉದ್ದ ಇದ್ದೇನೆ, ಅಷ್ಟೇ. ಅಷ್ಟು ವರ್ಷ ನಾನು ಬೈದದ್ದು ಮೂರ್ಖ ಕ್ಯಾಪ್ಟನ್ನನ್ನು. ಆ ಕ್ಯಾಪ್ಟನ್ ಇರಲೇ ಇಲ್ಲ ಎಂದರೆ ಹೇಗೆ? ಬುತ್ತಿಯನ್ನು ಗಲ್ಲೆಯ ಮೇಲೆ ಕುಕ್ಕಿ, ನನ್ನ ಹರಕು ಹಿಂದಿಯಲ್ಲಿ ಜೋರಾಗಿ ಹೇಳಿದೆ: "ಖೇಲ್ತೇ ಥೇ! ಡೊಂಬಿವಲಿ ಟೀಮ್. ಕ್ಯಾಪ್ಟನ್!"

ಗಿರಾಕಿ ಆಗಲೇ ಪಾರ್ಸೆಲ್ ಹಿಡಿದು ಮೆಟ್ಟಿಲಿಳಿದಿದ್ದ. ಕೇಳಿಸಿಕೊಂಡವರು ಇವರೊಬ್ಬರೇ. ಬಹಳ ಹೊತ್ತು ತಲೆ ಎತ್ತದೆ ಡ್ರಾವರಿನ ಚಿಲ್ಲರೆ ಸರಿಪಡಿಸುತ್ತಾ ನಿಂತಿದ್ದರು.