ಊಟ ನೋಡಿ ಆರಿಸಿದ ವಿಮಾನ ಶಾಲೆ

ಮಧ್ಯಾಹ್ನದ ಸೂರ್ಯ ಇಲ್ಲಿ ಉತ್ತರದಲ್ಲಿರುತ್ತಾನೆ. ದಕ್ಷಿಣ ಆಫ್ರಿಕಾಕ್ಕೆ ಬಂದ ಮೊದಲ ವಾರ ತರಬೇತುದಾರರು ನಮ್ಮನ್ನು ರನ್‌ವೇ ಪಕ್ಕ ನಿಲ್ಲಿಸಿ ದಕ್ಷಿಣ ಯಾವ ಕಡೆ ಎಂದು ಕೇಳಿದರು. ನಮ್ಮೂರು ಗುಬ್ಬಿಯಲ್ಲಿ ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ; ಅದೇ ಅಂದಾಜಿನಲ್ಲಿ ಬಿಸಿಲಿನ ಕಡೆಗೆ ಕೈ ತೋರಿಸಿದೆ. ಅದು ಉತ್ತರವಾಗಿತ್ತು. ಯಾರೂ ನಗಲಿಲ್ಲ. ಆದರೆ ಕಾಲಡಿಯ ನೆಲವನ್ನು ಯಾರೋ ತಿರುಗಿಸಿಟ್ಟಂತೆ ನನಗೆ ತಲೆ ಸುತ್ತಿತು.

ನಾನು ಮೊದಲು ಸೇರಿದ ಆ ಶಾಲೆಯನ್ನು ಆರಿಸಿದ್ದು ತುಮಕೂರಿನ ಶೆಟ್ಟಿಹಳ್ಳಿಯಲ್ಲಿ, ಸೋದರಮಾವನ ಮನೆಯಲ್ಲಿ ಕುಳಿತು. ಪೈಲಟ್ ಆಗಲು ಹೊರಟವರು ನಾವಿಬ್ಬರು: ನಾನು, ಮತ್ತು ಕುಣಿಗಲ್ಲಿನ ಚಿಕ್ಕಮ್ಮನ ಮಗಳು ದೀಪು. ನನಗಿಂತ ಚಿಕ್ಕವಳು. ದಕ್ಷಿಣ ಆಫ್ರಿಕಾದ ಎರಡು ಶಾಲೆಗಳವರು ಒಬ್ಬರಾದ ಮೇಲೊಬ್ಬರು ವಿಡಿಯೋ ಕಾಲಿನಲ್ಲಿ ಬಂದರು. ಗುಬ್ಬಿಯಲ್ಲಿ ಕೊಬ್ಬರಿ ಮಂಡಿ ನಡೆಸುವ ಅಪ್ಪ ಇಬ್ಬರನ್ನೂ ಮೊದಲು ಕೇಳಿದ್ದು ಅಡುಗೆಮನೆಯ ವಿಷಯ.

“ನಾವು ಲಿಂಗಾಯತ್ರು ಸಾರ್, ಮೊಟ್ಟೆನೂ ಮುಟ್ಟಲ್ಲ. ಪಾತ್ರೆ ಬ್ಯಾರೆ ಇಟ್ಟಿದೀರಾ?”

ಮೊದಲನೆಯ ಶಾಲೆಯ ಹಾಸ್ಟೆಲಿನಲ್ಲಿ ನಮ್ಮ ಕಡೆಯ ಅಡುಗೆಯವರಿದ್ದರು. ಸಾರು ಕುದಿಯುವುದನ್ನೂ ತೋರಿಸಿದರು. ಅಜ್ಜಿ ಮೊಬೈಲಿಗೇ ಕೈ ಮುಗಿದರು.

ದೀಪು ಇಬ್ಬರನ್ನೂ ಕೇಳಿದ್ದು ಬೇರೆ. “ನಿನ್ನೆ ನಿಮ್ಮಲ್ಲಿ ಎಷ್ಟು ವಿಮಾನ ಹಾರಿದ್ವು ಸಾರ್?”

ಮೊದಲನೆಯವರು ಹೊಸ ವಿಮಾನಗಳ ಫೋಟೋ ತೋರಿಸಿದರು. ಎರಡನೆಯವರು ಒಂದು ಸಂಖ್ಯೆ ಹೇಳಿದರು. ಅಡುಗೆ ನೀವೇ ಮಾಡಿಕೊಳ್ಳಬೇಕು ಎಂದೂ ಹೇಳಿದರು.

“ಏನೇ ನೀನು, ಬಸ್ ಸ್ಟ್ಯಾಂಡಲ್ಲಿ ವಿಚಾರ್ಸ್ದಂಗೆ ವಿಚಾರಿಸ್ತೀಯ!” ಎಂದು ಅಪ್ಪ ನಕ್ಕರು.

ಚಿಕ್ಕಮ್ಮ ನಗಲಿಲ್ಲ. “ಹಾರೋಳು ಅವಳು ಭಾವ. ಅವಳೇ ನೋಡ್ಕಳ್ಲಿ ಬುಡಿ,” ಎಂದರು.

ಆ ಮಾತು ಇನ್ನೂ ಚುಚ್ಚುತ್ತದೆ. ನನಗಾಗಿ ಮನೆಮಂದಿಯೆಲ್ಲ ಯೋಚಿಸಿದರು. ನನ್ನನ್ನು ಮಾತ್ರ ಯಾರೂ ಕೇಳಲಿಲ್ಲ. ನಾನು ಮೊದಲನೆಯ ಶಾಲೆಗೆ ಸೇರಿದೆ, ದೀಪು ಎರಡನೆಯದಕ್ಕೆ ಹೋದಳು.

ಊಟದ ವಿಷಯದಲ್ಲಿ ನಮಗೆ ಹೇಳಿದ್ದೆಲ್ಲ ನಿಜವಾಗಿತ್ತು. ಆದರೆ ಫೋಟೋದಲ್ಲಿದ್ದ ವಿಮಾನಗಳಲ್ಲಿ ಹೆಚ್ಚಿನವು ಬಿಡಿಭಾಗ ಕಾಯುತ್ತ ನಿಂತಿದ್ದವು. ಇಲ್ಲಿಯವರು ‘ಜಸ್ಟ್ ನೌ’ ಎಂದರೆ ಈಗಲೇ ಎಂದಲ್ಲ. ಇನ್ನೊಂದಿಷ್ಟು ಹೊತ್ತಿಗೆ, ಕೆಲವೊಮ್ಮೆ ನಾಳೆಗೆ. ಆ ಮಾತು ನಂಬಿ ಹೆಡ್‌ಸೆಟ್ ತೊಡೆಯ ಮೇಲಿಟ್ಟುಕೊಂಡು, ಮೋಡವಿಲ್ಲದ ಆಕಾಶ ನೋಡುತ್ತ ಎಷ್ಟೋ ದಿನ ಕುಳಿತಿದ್ದೇನೆ.

ಸಂಜೆ ದೀಪು ಫೋನ್ ಮಾಡುತ್ತಿದ್ದಳು. “ಇವತ್ತೂ ಹಾರ್ದೆ ಅಕ್ಕ! ಊಟ ಮಾತ್ರ ಕೇಳ್ಬ್ಯಾಡ. ಅದೇ ಪಾಪ್.” ಪಾಪ್ ಎಂದರೆ ಮೆಕ್ಕೆಜೋಳದ ಹಿಟ್ಟಿನಲ್ಲಿ ಮಾಡುವ, ನಮ್ಮ ಮುದ್ದೆಯಂಥದ್ದು. ಸಾರಿಲ್ಲದೆ ಅವಳು ಅದನ್ನು ಉಪ್ಪಿನಕಾಯಿ ಹಚ್ಚಿಕೊಂಡು ನುಂಗುತ್ತಿದ್ದಳು. “ನಿಂಗೇನು ಇವತ್ತು?”

“ಬಸ್ಸಾರು ಕಣೇ.”

“ಅಯ್ಯೋ, ಹೊಟ್ಟೆ ಉರಿಸ್ಬ್ಯಾಡಕ್ಕ!”

ಉರಿಯುತ್ತಿದ್ದುದು ಯಾರ ಹೊಟ್ಟೆ ಎಂದು ನನಗೆ ಗೊತ್ತಿತ್ತು.

ಕಡೆಗೆ ಬಸ್ಸು ಹತ್ತಿ ಅವಳ ಶಾಲೆಯಿದ್ದ ಊರಿಗೆ ಹೋದೆ. ಅಲ್ಲಿಗೆ ಸೇರಬಹುದೇ ಎಂದು ವಿಚಾರಿಸುವುದಿತ್ತು. ಸೇರಬಹುದು, ಆದರೆ ಕಲಿತದ್ದನ್ನೆಲ್ಲ ಮತ್ತೆ ಹಾರಿಸಿ ನೋಡುತ್ತೇವೆ ಎಂದರು. ಆ ಬೆಳಿಗ್ಗೆಯೇ ದೀಪುವಿನ ತರಬೇತುದಾರರು ಎಂಜಿನ್ ಓಡುತ್ತಿರುವಾಗಲೇ ವಿಮಾನದಿಂದ ಇಳಿದರು. ಖಾಲಿ ಸೀಟಿನ ಬೆಲ್ಟ್ ಬಿಗಿದು, ಬಾಗಿಲು ಹಾಕಿ, ನಡೆದು ಬಂದು ತಂತಿಬೇಲಿಯ ಬಳಿ ನನ್ನ ಪಕ್ಕ ನಿಂತರು. ದೀಪು ಮೊದಲ ಸಲ ಒಬ್ಬಳೇ ಹಾರಬೇಕಿತ್ತು.

ವಿಮಾನ ಸಲೀಸಾಗಿ ಏರಿತು. ಸುತ್ತು ಹೊಡೆದು ಇಳಿಯಲು ಬಂದಾಗ ತೀರ ಎತ್ತರದಲ್ಲಿತ್ತು. ಗಾಳಿ ಪಕ್ಕಕ್ಕೆ ತಳ್ಳುತ್ತಿತ್ತು. ರೆಕ್ಕೆಯೊಂದು ವಾಲಿತು. ಆ ಗಳಿಗೆಯಲ್ಲಿ ನನ್ನೊಳಗೆ ಎದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ: ಅವಳಿಗೆ ಏನೂ ಆಗಬಾರದು, ಆದರೆ ಇವತ್ತು ಇದು ಅವಳ ಕೈಲಿ ಆಗದೇ ಹೋಗಲಿ. ಎರಡೂ ಒಟ್ಟಿಗೇ ಎದ್ದವು. ಎಂಜಿನ್ ಸದ್ದು ಹೆಚ್ಚಿತು. ಇಳಿಯದೆ ಅವಳು ಮತ್ತೆ ಮೇಲೇರಿದಳು. ಎರಡನೇ ಸಲ ಚಕ್ರಗಳು ನೆಲ ಮುಟ್ಟಿದಾಗ ಬೇಲಿಯ ತಂತಿ ನನ್ನ ಅಂಗೈಯಲ್ಲಿ ಗೆರೆ ಮೂಡಿಸಿತ್ತು.

ಒಂಟಿಯಾಗಿ ಹಾರಿ ಬಂದವರ ತಲೆಗೆ ಬಕೆಟ್ ನೀರು ಸುರಿಯುವುದು ಇಲ್ಲಿಯ ರೂಢಿ. ಒದ್ದೆಮೈಯಲ್ಲೇ ಅವಳು ಬಂದು ಅಪ್ಪಿಕೊಂಡಳು. “ಯಾಕಕ್ಕ ಅಳ್ತಿದೀಯ?”

“ಖುಷಿಗೆ ಕಣೇ.”

ನನ್ನ ಬಟ್ಟೆ ಆರುವ ಮೊದಲೇ ಅವಳಿಗೆ ನೀರು ಸುರಿದ ವಿಡಿಯೋ ಮನೆಯವರ ಗ್ರೂಪಿಗೆ ಹೋಗಿತ್ತು. ಕೆಳಗೆ ಅಪ್ಪ ಬರೆದಿದ್ದರು: ‘ನಮ್ಮನೆ ಹುಡುಗಿ.’ ಅದನ್ನು ಎರಡು ಸಲ ಓದಿ ಅಪ್ಪನಿಗೆ ಫೋನ್ ಮಾಡಿದೆ.

“ಅಪ್ಪ, ನಾನು ದೀಪು ಸ್ಕೂಲಿಗೆ ಸೇರ್ಕೋತೀನಿ.”

“ಊಟ?”

“ಬೇಯಿಸ್ಕೋತೀನಿ.”

“ಅವಳೇನಾದ್ರೂ ತಲೆ ತುಂಬುದ್ಳಾ?”

“ಇಲ್ಲಪ್ಪ. ನಾನೇ.”

ಮಂಡಿಯ ಗದ್ದಲ ದೂರವಾಯಿತು; ಅಪ್ಪ ಹೊರಗೆ ಬಂದಿರಬೇಕು. “ಸರಿ ಬುಡು. ಹುಷಾರು ಕಣಮ್ಮ.”

ನಾನೇ ಎಂದದ್ದು ಎಷ್ಟು ನಿಜವೋ ತಿಳಿಯದು. ದೀಪು ಅಂದು ಹಾರದಿದ್ದರೆ ನಾನು ಕೇಳುತ್ತಿದ್ದೆನೇ?

ಈಗ ದೀಪುವಿನ ಶಾಲೆಯಲ್ಲಿದ್ದೇನೆ. ಹೆಚ್ಚುಕಡಿಮೆ ದಿನವೂ ಹಾರುತ್ತೇನೆ, ಪಕ್ಕದಲ್ಲಿ ತರಬೇತುದಾರರೊಂದಿಗೆ. ಹಳೆಯ ಹಾಸ್ಟೆಲಿನ ಗೆಳತಿಯರು ಊಟದ ಫೋಟೋ ಕಳಿಸಿ ಯಾವಾಗ ವಾಪಸ್ ಬರ್ತೀಯ ಎನ್ನುತ್ತಾರೆ. ಗುಬ್ಬಿಯ ಪೇಟೆಯಲ್ಲಿ ನಾನು ಎಂದೂ ನನ್ನ ಹೆಸರು ಹೇಳಬೇಕಾಗಿ ಬಂದಿರಲಿಲ್ಲ. ಮಂಡಿಯವರ ಮಗಳು ಎಂದರೆ ಸಾಕಿತ್ತು. ಇಲ್ಲಿಯಾದರೂ ಹೆಸರು ಹೇಳಿ ಒಳಹೋಗಬೇಕೆಂದಿದ್ದೆ. ಇವತ್ತು ಪಾಸು ಮರೆತು ಬಂದಿದ್ದೆ. ಗೇಟಿನ ಕಾವಲಿನವರು ಮುಖ ದಿಟ್ಟಿಸಿ, ನೀನು ದೀಪುವಿನ ಅಕ್ಕ ಅಲ್ಲವೇ ಎಂದು ಕೇಳಿದರು.

ಹೌದು ಎಂದೆ. ಗೇಟು ತೆರೆದರು.